ನಡುಹೊಳೆಯಲ್ಲಿ ನಿಂತ ಹರಿಗೋಲು

“ಗುರುಗಳೇ, ವಯಸ್ಸಾದವರಿಗೆ ಹಿಂದಿನದನ್ನು ನೆನಪಿಸಿದರೆ ನೋವೇ ಹೆಚ್ಚುತ್ತದೆ. ಮರೆಯಲು ಬಿಡುವುದೇ ಒಳ್ಳೆಯದಲ್ಲವೇ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಹೊಳೆಯ ದಡದ ಒಂದು ಊರಿನಲ್ಲಿ ವೃದ್ಧರಿಗಾಗಿ ಕಟ್ಟಿಸಿದ ಆಶ್ರಯವಿತ್ತು. ಅಲ್ಲಿ ಒಬ್ಬ ಅಂಬಿಗನಿದ್ದ. ನಲವತ್ತು ವರ್ಷ ಹರಿಗೋಲು ನಡೆಸಿ ಜನರನ್ನು ದಾಟಿಸಿದವನು. ಒಂದು ಮಳೆಗಾಲದಲ್ಲಿ ಅವನ ಹರಿಗೋಲು ಮಗುಚಿ ಒಬ್ಬ ಹೆಂಗಸು ನೀರುಪಾಲಾಗಿದ್ದಳು. ವಯಸ್ಸಾದಂತೆ ಉಳಿದದ್ದೆಲ್ಲ ಅವನ ಮನಸ್ಸಿನಿಂದ ಜಾರಿತು; ಆ ದಿನ ಮಾತ್ರ ಉಳಿಯಿತು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅನ್ನ ಬಿಟ್ಟ. ವೈದ್ಯರ ಮದ್ದು ನಾಟಲಿಲ್ಲ. ಹೊಳೆಯ ಮಾತನ್ನೇ ಅವನ ಮುಂದೆ ಎತ್ತಬಾರದೆಂದು ಎಲ್ಲರೂ ಎಚ್ಚರ ವಹಿಸಿದರು.

ಆಗ ದ್ಯಾವಕ್ಕ ಎಂಬ ಮುಪ್ಪಿನಲ್ಲಿ ಕಣ್ಣು ಹೋದ ಮುದುಕಿ ಅಲ್ಲಿಗೆ ಹೊಸದಾಗಿ ಬಂದಳು. ಅವನು ಅಂಬಿಗನೆಂದು ತಿಳಿದು, ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತಳು.

“ಮದುವೆಯಾದ ಮರುದಿನ ನಾನು ನಿನ್ನ ಹರಿಗೋಲಿನಲ್ಲೇ ಈ ದಡಕ್ಕೆ ಬಂದೆ ಕಣಪ್ಪಾ. ತವರು ದೂರವಾಯಿತೆಂದು ಬಿಕ್ಕುತ್ತಿದ್ದೆ. ನೀನು ನಡುಹೊಳೆಯಲ್ಲಿ ಹುಟ್ಟನ್ನು ನೀರಿನಿಂದ ಎತ್ತಿಬಿಟ್ಟೆ. ಹರಿಗೋಲು ಅಲ್ಲೇ ಮೆಲ್ಲಗೆ ತಿರುಗುತ್ತಾ ನಿಂತಿತು. ‘ತವರಿನ ದಡ ಕಣ್ತುಂಬ ನೋಡಿಕೊಳ್ಳವ್ವಾ, ಅವಸರವಿಲ್ಲ’ ಅಂದೆ. ದಿಬ್ಬಣದವರು ಬೈದರೂ ನೀನು ಕದಲಲಿಲ್ಲ.”

ಅಂಬಿಗನ ಕೈ ಹೊದಿಕೆಯ ಮೇಲೆ ನೀರು ಸರಿಸುವಂತೆ ಆಡಿತು. ಆಮೇಲೆ ಇತ್ತ ಹೊರಳಿದ.

“ಎಲ್ಲಿ? ಬಂಡೆಯ ಹತ್ತಿರವೇ?”

“ಬಂಡೆ ದಾಟಿದ ಮೇಲೆ.”

“ಹೌದು, ಅಲ್ಲಿ ಸೆಳೆತವಿಲ್ಲ. ನಿಲ್ಲಿಸಬಹುದು” ಎನ್ನುತ್ತಾ ಅವನು ಎದ್ದು ಕುಳಿತ.

ಅಂದು ಗಂಜಿ ಕುಡಿದ. ಕೆಲವು ದಿನಗಳಲ್ಲಿ ಉಳಿದವರೂ ಅವರ ಸುತ್ತ ಸೇರಿದರು. ಸಂಜೆಯ ಬಿಸಿಲಿನಲ್ಲಿ ಕಣ್ಣು ಅರೆಮುಚ್ಚಿ, ಒಬ್ಬೊಬ್ಬರೂ ತಾವು ದಾಟಿದ ಹೊಳೆಗಳ ಬಗ್ಗೆ ಹೇಳುತ್ತಿದ್ದರು. ಕೇಳುವವರಿಗೆ ಕುಳಿತ ನೆಲವೇ ತೇಲಿದಂತಾಗುತ್ತಿತ್ತು. ಒಂದು ದಿನ ಮುಳುಗಿದವಳ ಮಾತೂ ಬಂತು. ಅಂಬಿಗ ಅತ್ತ. ಆದರೆ ಗೋಡೆಯ ಕಡೆ ತಿರುಗಲಿಲ್ಲ. ಆಮೇಲೆ ಮೂರು ವರ್ಷ ಬದುಕಿದ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಆ ಹೊಳೆಯಲ್ಲಿ ಅಂಬಿಗರು ಹಲವರಿದ್ದಿರಬೇಕು ಗುರುಗಳೇ. ದ್ಯಾವಕ್ಕನನ್ನು ದಾಟಿಸಿದವನು ಇವನೇ ಎಂದು ನಂಬುವುದು ಹೇಗೆ?”

ಗುರು ಹೇಳಿದರು: “ಮುಳುಗಿದವಳ ಹರಿಗೋಲು ನಡೆಸಿದವನು ಇವನೇ ಎಂದು ನಂಬುವುದು ಹೇಗೆ ಎಂದು ಮಾತ್ರ ನೀನು ಕೇಳಲಿಲ್ಲ.”