ಮೆಣಸಿನಕಾಯಿ ಗಾಡಿಯ ಗೋಣಿತಟ್ಟು

"ಉಸ್ತಾದ್ರ, ಲಾರಿ ಸೈಲೆನ್ಸರ್‌ನಾಗಿನ ಡಬ್ಬಿ ತಗದ್ರ ತಪ್ಪೇನ್ರಿ?"

ಫಕ್ಕೀರಪ್ಪ ಇದೊಂದು ಮಾತು ಕೇಳಲು ಶೆಡ್ಡಿಗೆ ಬೀಗ ಹಾಕಿ, ಬಸ್ಸು ಹತ್ತಿ ಬಂದಿದ್ದ. ಅವನದು ಹೆದ್ದಾರಿಯ ಪಕ್ಕದಲ್ಲಿ ಲಾರಿ ರಿಪೇರಿ ಶೆಡ್ಡು. ಅವನಿಗೆ ಕೆಲಸ ಕಲಿಸಿದವರು ಮೋದಿನಸಾಬರು. ವಯಸ್ಸಾಗಿ ಅವರು ಪಾನಾ-ಸ್ಪ್ಯಾನರ್ ಹಿಡಿಯುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಆದರೂ ಅವರ ಕೈಕೆಳಗೆ ಪಳಗಿದವರು ಇಕ್ಕಟ್ಟಿಗೆ ಸಿಕ್ಕಾಗಲೆಲ್ಲ ಅವರ ಮನೆಯ ಕಟ್ಟೆಗೇ ಬರುತ್ತಿದ್ದರು.

ಡಬ್ಬಿ ಎಂದರೆ ಹೊಗೆಯ ವಿಷ ಮುರಿಯುವ ಡಬ್ಬಿ. ಕಾಗದಪತ್ರದಲ್ಲಿ ಅದಕ್ಕೆ ಕ್ಯಾಟಲಿಟಿಕ್ ಕನ್ವರ್ಟರ್ ಎಂದು ಹೆಸರು. ಅದನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಬರೀ ಕೊಳವೆ ಬೆಸೆದರೆ ಇಂಜಿನ್ನಿನ ಉಸಿರಾಟ ಸಲೀಸಾಗಿ ಲಾರಿ ಏರಿನಲ್ಲಿ ಚುರುಕಾಗುತ್ತದೆ ಎಂದು ಮಾಲೀಕರ ನಂಬಿಕೆ. ಕಾಯ್ದೆ ಅದಕ್ಕೆ ಒಪ್ಪುವುದಿಲ್ಲ. ಆದರೆ ಕಾಯ್ದೆ ಲಾರಿಯ ಕೆಳಗೆ ಮಲಗಿ ನೋಡುವುದೂ ಇಲ್ಲ. ಹತ್ತು ಲಾರಿಗಳ ಮಾಲೀಕನೊಬ್ಬ ಸೈಲೆನ್ಸರ್ ಬದಲಿಸುವಾಗ ಡಬ್ಬಿಯನ್ನೂ ತೆಗೆದುಬಿಡು ಎಂದು ಫಕ್ಕೀರಪ್ಪನಿಗೆ ಹೇಳಿದ್ದ. ಆಗುವುದಿಲ್ಲ ಎಂದರೆ ಹತ್ತೂ ಲಾರಿಗಳು ಬೇರೆ ಶೆಡ್ಡಿಗೆ. ಅವು ಹೋದರೆ ಫಕ್ಕೀರಪ್ಪನಿಗೆ ನೊಣ ಹೊಡೆಯುವುದೇ ಕೆಲಸ.

"ನಾ ತಗೀಲಿಲ್ಲಂದ್ರ ಮಗ್ಗಲಿನ ಶೆಡ್ಡಿನ್ಯಾಂವ ತಗೀತಾನ್ರಿ. ಹೊಗಿ ಅಂತೂ ಹೋಗೂದ ಹೋಗ್ತೈತಿ," ಎಂದ.

ಮೋದಿನಸಾಬರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಗ್ಯಾರೇಜಿನಲ್ಲೂ ಅವರದು ಇದೇ ಚಾಳಿ. ನಟ್ಟು ಯಾವ ಕಡೆ ತಿರುಗಿಸಬೇಕೆಂದು ಕೇಳಿದರೆ ಒಂದು ಕತೆ ಶುರುಮಾಡುತ್ತಿದ್ದರು. ಕತೆ ಮುಗಿಯುವ ಹೊತ್ತಿಗೆ ಕೇಳಿದವನೇ ನಟ್ಟು ಬಿಗಿದು ಮುಗಿಸಿರುತ್ತಿದ್ದ. ಫಕ್ಕೀರಪ್ಪನಿಗೆ ಆ ದಿನಗಳು ನೆನಪಾಗಿ ಎದೆ ತುಂಬಿ ಬಂತು. ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತ. ಉಸ್ತಾದರು ಹೇಳತೊಡಗಿದರು.

ಮೆಣಸಿನಕಾಯಿ ಎತ್ತಿನ ಗಾಡಿಯಲ್ಲಿ ಪೇಟೆಗೆ ಹೋಗುತ್ತಿದ್ದ ಕಾಲ. ಒಂದು ಊರಿನಿಂದ ಇಪ್ಪತ್ತು ಮೂವತ್ತು ಗಾಡಿಗಳು ಒಂದರ ಹಿಂದೆ ಒಂದು ಹೊರಡುತ್ತಿದ್ದವು. ಒಣ ಮೆಣಸಿನಕಾಯಿಯ ಚೀಲ ಕುಲುಕಿದಷ್ಟೂ ಘಾಟಿನ ಪುಡಿ ಹಾರುತ್ತದೆ. ಗಾಡಿ ಹೊಡೆಯುವವನಿಗೆ ಅದರ ಗೊಡವೆ ಇಲ್ಲ, ಅವನು ಮುಂದೆ ಕುಳಿತವನು. ಉರಿಯೆಲ್ಲ ಹಿಂದೆ ಬರುವವರ ಕಣ್ಣಿಗೆ. ಅದಕ್ಕೆಂದೇ ಆ ಊರಿನಲ್ಲಿ ಒಂದು ರೂಢಿ ಇತ್ತು. ಪ್ರತಿ ಗಾಡಿಯ ಹಿಂಬದಿಗೆ ಎರಡು ಪದರದ ಗೋಣಿತಟ್ಟು ಕಟ್ಟಿ, ಅದನ್ನು ನೀರಿನಲ್ಲಿ ತೋಯಿಸಿ ಹೊರಡಬೇಕು. ಪುಡಿ ಹಸಿ ತಟ್ಟಿಗೆ ಅಂಟಿ ಅಲ್ಲೇ ಉಳಿಯುತ್ತಿತ್ತು. ದಾರಿಯಲ್ಲಿ ತಟ್ಟು ಒಣಗಿದರೆ ಕೆರೆ ಕಂಡಲ್ಲಿ ಗಾಡಿ ನಿಲ್ಲಿಸಿ ಮತ್ತೆ ತೋಯಿಸುತ್ತಿದ್ದರು. ನಿಂತ ಮೇಲೆ ಬುತ್ತಿ ಬಿಚ್ಚದೆ ಇರುತ್ತಾರೆಯೇ? ರೊಟ್ಟಿ ಹಂಚಿಕೊಳ್ಳುತ್ತಿದ್ದರು, ಜಗಳವಾಡುತ್ತಿದ್ದರು, ಎದ್ದು ಹೊರಡುವುದರೊಳಗೆ ರಾಜಿಯಾಗುತ್ತಿದ್ದರು. ಆ ಕೆರೆಯ ದಂಡೆಯ ಮೇಲೆಯೇ ಎಷ್ಟೋ ಮನೆಗಳ ಮದುವೆಯ ಮಾತು ಗಟ್ಟಿಯಾಗಿತ್ತು. ಎಂಥ ಕಾಲ ಅದು.

ತಟ್ಟು ಹೊಲಿದು ಕಟ್ಟುವವನು ಒಬ್ಬನಿದ್ದ. ಸುಗ್ಗಿ ಬಂತೆಂದರೆ ಅವನ ಪುಟ್ಟ ಮಗಳು ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬಂದು ತಟ್ಟುಗಳಿಗೆ ನೀರು ಹಾಕುತ್ತಿದ್ದಳು.

ಒಂದು ಸುಗ್ಗಿಯಲ್ಲಿ ಒಬ್ಬ ವ್ಯಾಪಾರಿ ಹೊಲಿಯುವವನ ಬಳಿ ಬಂದ. "ಈ ಹಸಿ ತಟ್ಟು ಕಲ್ಲಿನಂಗ ಭಾರ ಐತಿ. ಎತ್ತು ಸೋಲ್ತಾವು. ಕೆರಿ ಕಂಡಲ್ಲೆಲ್ಲ ನಿಂತು ನಿಂತು ಪ್ಯಾಟಿ ಮುಟ್ಟೂದ್ರಾಗ ಛಲೋ ರೇಟ್ ಹೋಗಿರತೈತಿ. ಇದನ್ನ ಬಿಚ್ಚು," ಎಂದ.

"ಹಿಂದಿನವರ ಕಣ್ಣಿನ ಗತಿ ಏನ್ರಿ?"

"ಗಾಡಿ ನಂದು. ನೀ ಬಿಚ್ಚದಿದ್ರ ನಾನ ಕುಡುಗೋಲು ಹಾಕ್ತೀನಿ."

ಹೊಲಿಯುವವನು ವಿಚಾರ ಮಾಡಿದ. ತಟ್ಟು ಹೇಗೂ ಹೋಗುವುದೇ. ಕುಡುಗೋಲು ಬಿದ್ದರೆ ಗೋಣಿಯೂ ಹಾಳು. ನಾನೇ ಬಿಚ್ಚಿದರೆ ಗೋಣಿಯಾದರೂ ಉಳಿದೀತು. ತಪ್ಪು ಮಾಡಲು ಹೊರಟವನಿಗೆ ನೆಪ ಸಿಗುವಷ್ಟು ಬೇಗ ಬೇರೇನೂ ಸಿಗುವುದಿಲ್ಲ. ಅವನು ಗಂಟು ಸಡಿಲಿಸಿ ತಟ್ಟನ್ನು ಬಿಚ್ಚಿ, ಮಡಚಿ ಮೂಲೆಗಿಟ್ಟ.

ವ್ಯಾಪಾರಿ ಎಲ್ಲರಿಗಿಂತ ಮೊದಲು ಪೇಟೆ ಮುಟ್ಟಿದ. ಮುಂದಿನ ವಾರ ಐದು ಮಂದಿ ಬಂದು ತಮ್ಮದೂ ಬಿಚ್ಚು ಎಂದರು. ಅವರ ಹಿಂದಿನವರು, ನಮ್ಮ ಕಣ್ಣಂತೂ ಉರಿಯುತ್ತಿದೆ, ನಮ್ಮ ಹಿಂದೆ ಬರುವವರ ಉಸಾಬರಿ ನಮಗೇಕೆ ಎಂದು ತಾವೂ ಬಿಚ್ಚಿಸಿದರು. ಎರಡು ಸುಗ್ಗಿ ಕಳೆಯುವುದರೊಳಗೆ ಊರಿನಲ್ಲಿ ಒಂದು ಗಾಡಿಗೂ ತಟ್ಟು ಇರಲಿಲ್ಲ. ಕೆರೆಯ ಬಳಿ ಯಾರೂ ನಿಲ್ಲಲಿಲ್ಲ. ಜೊತೆಯಾಗಿ ಹೋಗುತ್ತಿದ್ದವರು ಈಗ ಒಬ್ಬರನ್ನೊಬ್ಬರು ಹಿಂದೆ ಹಾಕಲು ಹೋಗುತ್ತಿದ್ದರು.

ಹೊಲಿಯುವವನಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಚೀಲ ಹೊಲಿಯುವ ಕೆಲಸ ಬೇಕಾದಷ್ಟಿತ್ತು. ಕೆರೆಯ ಕಡೆ ಹೋದಾಗ ಮಾತ್ರ ಆ ಖಾಲಿ ದಂಡೆಯನ್ನು ನೋಡಿ ಸಂಕಟಪಡುತ್ತಿದ್ದ. ಆಮೇಲೆ ಅದೂ ರೂಢಿಯಾಯಿತು.

ಮಗಳು ದೊಡ್ಡವಳಾದಳು. ಅವಳನ್ನು ಪೇಟೆಗೇ ಕೊಟ್ಟ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಐದನೆಯ ತಿಂಗಳಲ್ಲಿ ತೊಟ್ಟಿಲು ಕೊಟ್ಟು ಗಂಡನ ಮನೆಗೆ ಕಳಿಸಬೇಕು. ಸುಗ್ಗಿಯ ದಿನ, ಪೇಟೆಗೆ ಹೋಗುವವು ಮೆಣಸಿನಕಾಯಿ ಗಾಡಿಗಳು ಮಾತ್ರ. ಕೊನೆಯ ಗಾಡಿಯಲ್ಲಿ ಜಾಗ ಸಿಕ್ಕಿತು. ತೊಟ್ಟಿಲು, ಮಗಳು, ಮೊಮ್ಮಗಳು, ಅವನು. ಮುಂದೆ ಮೂವತ್ತು ಗಾಡಿಗಳು.

ಊರು ದಾಟಿ ಸ್ವಲ್ಪ ಹೊತ್ತಿಗೆ ಕೂಸು ಅಳತೊಡಗಿತು. ಅದು ಹಸಿವಿನ ಅಳುವಲ್ಲ. ಎಳೆಯ ಕಣ್ಣುಗಳು ಕೆಂಪಾಗಿ ಊದಿಕೊಂಡಿದ್ದವು. ಸೆರಗು ಹೊದಿಸಿದರು, ಘಾಟು ಸೆರಗು ದಾಟಿ ಬಂತು. ಕೆರೆ ಬಂದಾಗ ನಿಲ್ಲಿಸಪ್ಪಾ ಎಂದು ಅವನು ಗಾಡಿಯವನಿಗೆ ಅಂಗಲಾಚಿದ. ನಿಂತರೆ ಒಂಟಿಯಾಗಿ ಹಿಂದೆ ಬೀಳುತ್ತೇನೆ ಎಂದು ಗಾಡಿಯವನು ನಿಲ್ಲಿಸಲಿಲ್ಲ. ಗಾಡಿಗಳಿಗೆ ತಟ್ಟನ್ನಾದರೂ ಕಟ್ಟಬಾರದೇ ಎಂದರೆ, ಹಾಗೆಂದರೇನು ಎಂದು ಕೇಳಿದ. ಅವನು ಹೊಸಬ, ತಟ್ಟು ಕಂಡವನೇ ಅಲ್ಲ.

ಮಗಳು ಎದೆಹಾಲು ಹಿಂಡಿ ಕೂಸಿನ ಕಣ್ಣು ತೊಳೆದಳು. ತೊಳೆಯುತ್ತ ತೊಳೆಯುತ್ತ ಕೇಳಿದಳು:

"ಅಪ್ಪಾ, ಆಗೆಲ್ಲಾ ತಟ್ಟು ಇರ್ತಿದ್ವಲ್ಲ, ನಾ ನೀರ ಹಾಕತಿದ್ದೆ. ಅವನ್ನ ಯಾರ ಬಿಚ್ಚಿದ್ರು?"

ಮೋದಿನಸಾಬರು ಕತೆ ನಿಲ್ಲಿಸಿದರು. ಫಕ್ಕೀರಪ್ಪನ ಮನಸ್ಸಿನಿಂದ ಕೂಸಿನ ಕಣ್ಣು ಹೋಗಲೊಲ್ಲದು. ಹತ್ತು ಲಾರಿಗಳೂ ಹೋಗಲೊಲ್ಲವು. ಅಳುಕುತ್ತ ಕೇಳಿದ:

"ಅಂವ ಒಬ್ಬಾಂವ ಒಲ್ಲೆ ಅಂದಿದ್ರ ಏನಾಗ್ತಿತ್ರಿ ಉಸ್ತಾದ್ರ? ಬಿಚ್ಚಾವರು ಎಲ್ಲಾ ಕಡೆ ಸಿಗತಾರಲ್ರಿ."

"ಸಿಗತಾರಪ್ಪ, ಅದಕ್ಕ ಹಿಂದ ಬರಾವರನ್ನ ನೆನಸಾಂವ ಒಬ್ಬನರ ಇರ್ಲಿ ಅಂತ ನಿನಗ ಈ ಕೆಲಸಾ ಕಲಿಸಿದ್ದೆ."