ಅವ್ವನ ಗೋಡೆಯ ಮೂರು ಗೀರು

ಒಂದಾನೊಂದು ಕಾಲದಲ್ಲಿ, ನಮ್ಮೂರ ಬಾವಿಗಳಿಗೆ ಇನ್ನೂ ರಾಟೆ ಬಂದಿರದ ಕಾಲದಲ್ಲಿ, ಕೋಟೆ ಬಾಗಿಲ ಹತ್ರ ಒಂದು ಹಳೇ ಬೀದಿ ಇತ್ತಂತೆ. ಅಲ್ಲಿ ಸಾಲಾಗಿ ಮೂರು ಮನೆ. ಮೊದಲನೇದು ಸಂಗಪ್ಪಶೆಟ್ಟೀದು, ಎರಡನೇದು ಶಾನುಭೋಗರದು, ಮೂರನೇದರಲ್ಲಿ ಬೊಮ್ಮಕ್ಕ ಅಂತ ಹೂ ಕಟ್ಟೋ ಹೆಂಗಸು ಪುಟ್ಟ ಮಗಳ ಜೊತೆ ಇದ್ಳಂತೆ. ಹ್ಞೂಂ ಅನ್ನು ಮಗಾ, ಇಲ್ದಿದ್ರೆ ಗೋಡೆಗೆ ಕತೆ ಹೇಳ್ದಂಗಾಗುತ್ತೆ.

ಒಂದಿನ ಪಾಳೇಗಾರ ಡಂಗುರ ಹೊಡಿಸಿದನಂತೆ. ಪ್ರತಿ ಮನೇ ಬಾಗಿಲಿಗೂ ಅದನ್ನ ಮೊದಲು ಕಟ್ಟಿದವರ ಹೆಸರಿನ ಕಲ್ಲು ಕೂರಿಸ್ತೀವಿ, ಯಾರ ಹಿರೀಕರ ಹೆಸರೋ ಅವರ ವಂಶಕ್ಕೇ ಮನೆ ಅಂತ. ಮೊದಲೆರಡು ಮನೆಗೆ ತಕರಾರಿಲ್ಲ. ಮೂರನೇದಕ್ಕೆ ಬಂದಾಗ ಶೆಟ್ಟಿ ಎದ್ದು, ಅದೂ ನಮ್ಮಜ್ಜ ಕಟ್ಟಿಸಿದ್ದೇ, ಇವರನ್ನ ಪಾಪ ಅಂತ ಇರಿಸಿದ್ವು ಅಂದ್ಬಿಟ್ನಂತೆ. ಬೊಮ್ಮಕ್ಕ, ಓಲೆ ಇಲ್ಲ, ಪತ್ರ ಇಲ್ಲ, ಮಗಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ ಅಂತ ಅತ್ತಳಂತೆ.

ಆಮೇಲೆ ಪಾಳೇಗಾರನೇ ಬಂದು ಇಬ್ಬರನ್ನೂ ಬೇರೆಬೇರೆಯಾಗಿ ಕರೆದು ಕೇಳಿದನಂತೆ. ನಡುಮನೆ ತೊಟ್ಟಿ ಅಂಗಳಕ್ಕೆ ಎಷ್ಟು ಕಂಬ? ಎಂಟು ಅಂದ್ರು ಇಬ್ರೂ. ಬೆಳಗಿನ ಬಿಸಿಲು ಮೊದಲು ಎಲ್ಲಿ ಬೀಳುತ್ತೆ? ಒರಳುಕಲ್ಲಿನ ಮೇಲೆ ಅಂದ್ರು ಇಬ್ರೂ. ಮಜ್ಜಿಗೆ ಕೇಳೋ ನೆಪದಲ್ಲಿ ಬಂದು ಬಂದು ಎಲ್ಲಾ ನೋಡಿಟ್ಕೊಂಡಿದ್ದ ಆ ಶೆಟ್ಟಿ, ಭಂಡ! ಆಮೇಲೆ ಮೂರನೇ ಪ್ರಶ್ನೆ. ಒಳಗಿನ ಯಾವ ಬಾಗಿಲಿಗೂ ಹೊಸ್ತಿಲೇ ಇಲ್ವಲ್ಲ, ಯಾಕೆ? ಮರ ಉಳಿಸೋಕೆ, ನಮ್ಮಜ್ಜ ಸ್ವಲ್ಪ ಜಿಪುಣ ಅಂದ ಶೆಟ್ಟಿ. ಬೊಮ್ಮಕ್ಕ ಮಾತ್ರ, ಇದನ್ನ ಕಟ್ಟಿದ್ದು ನಮ್ಮ ಮುತ್ತಜ್ಜ ಗಾರೆ ಬೋರಣ್ಣ, ಅವನ ಹೆಂಡ್ತಿಗೆ ಕಣ್ಣಿರಲಿಲ್ಲ, ಎಡವಬಾರದು ಅಂತ ಹೊಸ್ತಿಲು ಇಡಲಿಲ್ಲ ದೊರೆ, ನಂಬಿಕೆ ಬರದಿದ್ರೆ ನಮ್ಮಿಬ್ಬರ ಕಣ್ಣಿಗೂ ಬಟ್ಟೆ ಕಟ್ಟಿ ಹಿತ್ತಿಲ ಬಾವಿ ನೀರು ತರೋಕೆ ಹೇಳಿ ಅಂದ್ಳಂತೆ.

ಕಟ್ಟಿದ್ರು. ಶೆಟ್ಟಿ ಮೊದಲು ಕಂಬಕ್ಕೆ ಹಣೆ ಹೊಡ್ಕೊಂಡ, ಆಮೇಲೆ ಒರಳಿಗೆ ಕಾಲು ತಗಲಿಸ್ಕೊಂಡ, ಆಮೇಲೆ ಹಸುವಿನ ಕಲಗಚ್ಚಿನ ಬಾನಿಯೊಳಗೇ ಕೂತ್ಬಿಟ್ಟ. ನಗಬೇಡ, ನಿದ್ದೆ ಹಾರುತ್ತೆ.

ಬೊಮ್ಮಕ್ಕ ಎಡಗೈಯನ್ನ ಗೋಡೆಗೆ ಇಟ್ಳಂತೆ. ಸೊಂಟದೆತ್ತರಕ್ಕೆ ಗಾರೆ ಹಸಿ ಇದ್ದಾಗಲೇ ಬೋರಣ್ಣ ಬೆರಳಲ್ಲಿ ಗೀರು ಎಳೆದಿದ್ನಂತೆ. ಒಂದು ಗೀರಿದ್ರೆ ಅಡುಗೆಮನೆ, ಎರಡಿದ್ರೆ ದೇವರ ಮನೆ, ಮೂರಿದ್ರೆ ಬಾವಿ. ಚಿಕ್ಕೋಳಿದ್ದಾಗ ಕಣ್ಣುಮುಚ್ಕೊಂಡು ಅದೇ ಆಟ ಆಡಿದ್ಳಲ್ಲ, ಮೂರು ಗೀರು ಹಿಡ್ಕೊಂಡು ಹೋಗಿ, ತುಂಬಿದ ಕೊಡ ಸೊಂಟದಲ್ಲಿಟ್ಕೊಂಡು ಬಂದ್ಳಂತೆ.

ಪಾಳೇಗಾರ ತಾನೂ ಕಣ್ಣುಮುಚ್ಚಿ ಆ ಗೋಡೆ ಸವರಿ ಗೀರು ಎಣಿಸಿದ್ನಂತೆ. ಆಮೇಲೆ, ಕಲ್ಲಿನ ಮೇಲೆ ಬೋರಣ್ಣನ ಜೊತೆ ಆ ತಾಯಿ ಹೆಸರೂ ಇರಲಿ, ಏನಮ್ಮಾ ಅವಳ ಹೆಸರು ಅಂದ್ನಂತೆ. ಬೊಮ್ಮಕ್ಕ ಅಂದ್ಳಂತೆ, ಗೊತ್ತಿಲ್ಲ ದೊರೆ, ಎಲ್ಲರೂ ಅವ್ವ ಅಂತಲೇ ಕರೀತಿದ್ರಂತೆ, ಹೆಸರು ಯಾರೂ ನೆನಪಿಟ್ಕೊಳ್ಳಲಿಲ್ಲ. ಕಲ್ಲಿಗೆ ಅಕ್ಷರ ಬೇಡ, ಅವಳಿಗೆ ಓದೋಕಾಗಲ್ಲ. ಮೂರು ಗೀರು ಹಾಕಿಸಿ, ಮುಟ್ಟಿದ್ರೆ ತನ್ನ ಮನೆ ಅಂತ ಅವಳಿಗೆ ಗೊತ್ತಾಗಲಿ.

ಹಂಗೇ ಹಾಕಿಸಿದ್ರು. ಬೊಮ್ಮಕ್ಕ, ಅವಳ ಮಗಳು, ಆ ಮಗಳ ಮಕ್ಕಳು ಎಲ್ಲಾ ಅಲ್ಲೇ ಸುಖವಾಗಿ ಬಾಳಿದ್ರು. ಪಕ್ಕದ ಮನೆ ಕಲ್ಲಿನ ಅಕ್ಷರ ಮಳೆಗೆ ಸವೆದು ಹೋದ್ವು, ಈ ಗೀರು ಮಾತ್ರ ಹೋಗೋರು ಬರೋರು ಮುಟ್ಟಿ ಮುಟ್ಟಿ ಆಳವಾದ್ವು.

ನೀನು ನೀರಡಿಕೆ ಅಂತ ಕತ್ತಲಲ್ಲಿ ಎದ್ದು ಹೋಗ್ತೀಯಲ್ಲ, ಒಂದಿನಾನೂ ಎಡವಿಲ್ಲ, ಯಾಕೆ ಹೇಳು? ಕೈ ಚಾಚು, ಗೋಡೆ ಮುಟ್ಟಿ ನೋಡು. ಹ್ಞಾಂ, ಎಣಿಸು. ಅವ್ವನ ಕತೆ ಮುಗೀತು, ಇನ್ನು ಮಲಗು.