ಅಳಿಸಿಬಿಡಿ, ಎಲ್ಲರಿಗೂ ತಿಳಿಸಿ

ಮಲಪ್ರಭೆಯ ದಂಡೆಯಲ್ಲಿ ನೀಲವ್ವತಾಯಿಯ ಆಶ್ರಮ. ಬಂದದ್ದನ್ನು ಹಂಚಿಯೇ ಉಣ್ಣಬೇಕು ಎಂಬುದು ಅಲ್ಲಿನ ಕಟ್ಟಳೆ. ಶಿಷ್ಯ ಅಡಿವೆಪ್ಪ ಅನ್ನದಷ್ಟೇ ಧಾರಾಳವಾಗಿ ಇ-ಮೇಲುಗಳನ್ನೂ ಹಂಚುತ್ತಿದ್ದ. ಆಶ್ರಮದ ಕಂಪ್ಯೂಟರ್ ಇದ್ದದ್ದು ಅವನ ಕೈಯಲ್ಲೇ.

ಒಂದು ಬೆಳಿಗ್ಗೆ ಅವನು ನದಿಯ ಮೆಟ್ಟಿಲಿಗೆ ಓಡಿಬಂದ.

“ಅವ್ವಾರ, ಕಂಪ್ಯೂಟರಿನ್ಯಾಗ ವೈರಸ್ ಹೊಕ್ಕೈತ್ರಿ!”

“ಯಾರು ಹೇಳಿದ್ರು?”

“ಮೇಲ್ ಬಂದೈತ್ರಿ, ದೊಡ್ಡ ಕಂಪನಿಯವರ ಎಚ್ಚರಿಕೆ ಅಂತ. ಇಂಥಾ ಹೆಸರಿನ ಫೈಲ್ ಹುಡುಕ್ರಿ, ಇದ್ರ ಕೂಡಲೇ ಅಳಿಸ್ರಿ, ಎಲ್ಲಾರಿಗೂ ತಿಳಿಸ್ರಿ ಅಂತ ಬರದಾರ. ಹುಡುಕಿದೆ. ಹೇಳಿದ ಜಾಗಾದಾಗೇ ಐತ್ರಿ!”



“ಅಳಿಸಿದೇನು?”

“ಇನ್ನೂ ಇಲ್ರಿ. ಮೊದಲು ರಾಚಯ್ಯ ಮಾಸ್ತರಿಗೆ ಕಳಿಸಿ ಬಂದೆ. ಉಳಿದವರಿಗೆ ಈಗ ಕಳಸ್ತೀನಿ.”

ರಾಚಯ್ಯ ಮಾಸ್ತರಿಗೆ ಕಣ್ಣು ಕಾಣದು. ಪತ್ರ, ಪುಸ್ತಕ ಎಲ್ಲವನ್ನೂ ಅವರ ಕಂಪ್ಯೂಟರೇ ದನಿ ಎತ್ತಿ ಓದಿ ಹೇಳುತ್ತಿತ್ತು.

“ಬ್ಯಾಳಿ ಬೆಂದೈತೋ ಇಲ್ಲೋ ಹಿಚುಕಿ ನೋಡದ ಬಡಸ್ತೀಯೇನು?” ತಾಯಿ ಕೇಳಿದರು.

“ಇದು ಬ್ಯಾಳಿ ಅಲ್ರಿ ಅವ್ವಾರ, ವೈರಸ್!”

ತಾಯಿ ಅವನನ್ನು ಹತ್ತಿರ ಕೂರಿಸಿಕೊಂಡರು.

“ನಿನಗೂ ಒಂದು ರೋಗ ಐತಿ. ಬೆನ್ನಿನ ನಡುವ ಕೈ ಆಡಿಸಿ ನೋಡು. ಸಾಲಾಗಿ ಗಂಟು ಸಿಗತಾವ.”

ಹೆದರಿದವನ ಮೇಲೆ ಹಾವು ಎಸೆದಂತಾಯಿತು. ಅಡಿವೆಪ್ಪ ತಡವಿದ. ಗಂಟುಗಳು ಸಿಕ್ಕವು, ಒಂದರ ಕೆಳಗೊಂದು.

“ಅದಾವ್ರಿ ಅವ್ವಾರ! ಖರೇನ ಅದಾವ್ರಿ!”

“ಕಿತ್ತು ಹಾಕೂಣೇನು?”

ಅದು ತನ್ನ ಬೆನ್ನೆಲುಬೇ ಎಂದು ತಿಳಿಯಲು ಪಾಪ, ಅವನಿಗೆ ಕೊಂಚ ಹೊತ್ತು ಬೇಕಾಯಿತು. ತಿಳಿದ ಮೇಲೆ ಅಲ್ಲಿ ನಿಲ್ಲಲಿಲ್ಲ.

ಎಚ್ಚರಿಕೆಯ ಮೊದಲ ಸಾಲನ್ನೇ ಅಂತರ್ಜಾಲದಲ್ಲಿ ಹುಡುಕಿದ. ವೈರಸ್ ತಡೆಯುವವರ ತಾಣದಲ್ಲಿ ಅದೇ ಪತ್ರ ಅಕ್ಷರಶಃ ಸಿಕ್ಕಿತು. ಇದು ಹಳೆಯ ಸುಳ್ಳು, ನಂಬಬೇಡಿ ಎಂದು ಅದರ ಕೆಳಗೆ ಬರೆದಿತ್ತು. ಆ ಫೈಲು ಈ ಬಗೆಯ ಎಲ್ಲ ಕಂಪ್ಯೂಟರಿನಲ್ಲೂ ಮೊದಲಿನಿಂದಲೇ ಇರುತ್ತದಂತೆ. ಕಂಪ್ಯೂಟರಿನಿಂದ ದನಿ ಹೊರಡುವುದೇ ಅದರಿಂದಂತೆ.

 ಅಡಿವೆಪ್ಪ ಕೂಡಲೇ ಮಾಸ್ತರಿಗೆ ಫೋನು ತಿರುಗಿಸಿದ.

“ಮಾಸ್ತರ, ಅದನ್ನ ಅಳಿಸಬ್ಯಾಡ್ರಿ! ಸುಳ್ಳು ಸುದ್ದಿ ಐತ್ರಿ ಅದು!”

“ಹೌದೇನು? ಅಳಿಸಾಕ ಅಂತನ ಕೂತಿದ್ನೆಪಾ,” ಎಂದರು ಮಾಸ್ತರು. “ಆಶ್ರಮದಿಂದ ಬಂದೈತಿ ಅಂದಮ್ಯಾಲ ಕೇಳೂದೇನೈತಿ?”

ಅವರ ಮಾತಿನ ಹಿಂದೆ ಕಂಪ್ಯೂಟರಿನ ದನಿ ಇನ್ನೂ ಏನೋ ಓದುತ್ತಲೇ ಇತ್ತು. ಅದನ್ನು ಕೇಳಿ ಅಡಿವೆಪ್ಪನ ಕಣ್ಣು ತುಂಬಿದವು. ಫೋನಿಟ್ಟು, ನಿಧಾನಕ್ಕೆ ನಡೆದು ಮತ್ತೆ ನದಿಯ ಬಳಿಗೆ ಬಂದ.

“ಅವ್ವಾರ, ಮೈ ಜುಮ್ ಅಂತೈತ್ರಿ. ಬರೇ ನಾಕು ಸಾಲಿನ ಮಾತು. ಅದರಾಗ ವೈರಸ್ಸೂ ಇಲ್ಲ, ಏನೂ ಇಲ್ಲ. ಯಾರದೋ ಕಂಪ್ಯೂಟರಿನ್ಯಾಗ ಹುಟ್ಟಿ, ಊರೂರು ತಿರುಗಿ, ಮಾಸ್ತರ ಕೈಯಿಂದನ ಮಾಸ್ತರ ಕಂಪ್ಯೂಟರಿನ ದನಿ ಕೀಳಸ್ತಿತ್ತಲ್ರಿ! ಇಷ್ಟು ಶಕ್ತಿ ಅದಕ್ಕ ಎಲ್ಲಿಂದ ಬಂತು?”

ನೀಲವ್ವತಾಯಿ ಅವನ ತಲೆಯ ಮೇಲೆ ಕೈಯಿಟ್ಟರು.

“ಮಾಸ್ತರು ಆ ಪತ್ರ ನಂಬಿರಲಿಲ್ಲೋ ಅಡಿವೆಪ್ಪಾ. ನಿನ್ನ ನಂಬಿದ್ರು.”